ಎರಡನೆಯ ಈಡು

"ಗುರುಗಳೇ, ಕಚ್ಚಲು ಬಂದ ನಾಯಿಯನ್ನು ಹೊಡೆಯುವ ಹಕ್ಕು ನನಗಿಲ್ಲವೇ?"

ಶಿಷ್ಯ ಗುರುಪಾದ ಇದನ್ನು ಕೇಳಿದ್ದು ನಿಂತುಕೊಂಡೇ. ಕೂರು ಎಂದರೂ ಕೂರಲಿಲ್ಲ. ಹಿಂದಿನ ದಿನ ಭಿಕ್ಷೆಗೆ ಹೋದಾಗ ಶಾವಂತ್ರೆವ್ವನ ಮನೆಯ ನಾಯಿ ಅವನ ಮೇಲೆ ಎರಗಿತ್ತು. ಅವನು ಕೈಯಲ್ಲಿದ್ದ ಬೆತ್ತದಿಂದ ಬಾರಿಸಿದ್ದ. ನಾಯಿಯ ಕಾಲು ಮುರಿದಿತ್ತು. ಬೆಳಿಗ್ಗೆ ಶಾವಂತ್ರೆವ್ವ ಅದನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಮಠಕ್ಕೆ ಬಂದಳು. ಬೈಯಲಿಲ್ಲ, ಅಳಲಿಲ್ಲ. ಬುಟ್ಟಿಯನ್ನು ಜಗಲಿಯ ಮೇಲಿಟ್ಟು ನಿಂತಳು. ಗುರುಗಳೇ ಎದ್ದು ಬಿದಿರಿನ ಸೀಳು ತಂದು, ಅರಿವೆ ಸುತ್ತಿ, ಮುರಿದ ಕಾಲಿಗೆ ಕಟ್ಟು ಹಾಕಿ ಕಳಿಸಿದರು. ಅಷ್ಟು ಹೊತ್ತೂ ಗುರುಪಾದ ಬಾವಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದ.

ಆಕೆ ಹೋದ ಮೇಲೆ ಗುರುಗಳು ಅವನ ಜೋಳಿಗೆಯನ್ನು ಗೂಟಕ್ಕೆ ನೇತುಹಾಕಿದರು. ಆ ತಾಯಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿ ಬಾ, ಆಮೇಲೆ ಇದನ್ನು ತೆಗೆದುಕೋ ಎಂದರು. ಗುರುಪಾದನಿಗೆ ಮೈ ಉರಿದುಹೋಯಿತು. ಭಿಕ್ಷೆ ಕೇಳಿದ್ದು ತಪ್ಪೇ, ಕಚ್ಚಿಸಿಕೊಳ್ಳದೆ ಇದ್ದದ್ದು ತಪ್ಪೇ? ಮಠ ಬಿಟ್ಟು ಹೋಗು ಎಂದರೆ ಹೋಗಿಯೇನು, ಮಾಡದ ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಾರೆ ಎಂದು ಅವನು ಗಟ್ಟಿ ಮನಸ್ಸು ಮಾಡಿಕೊಂಡಿದ್ದ.

ಗುರುಗಳು ನಕ್ಕರು. "ನೀನು ನ್ಯಾಯ ಕೇಳುತ್ತಿದ್ದೀಯೆ. ಸರಿ, ಹೀಗೇ ನ್ಯಾಯಕ್ಕೆ ಬಿದ್ದ ಒಂದು ಊರಿನ ಕತೆ ಹೇಳುತ್ತೇನೆ. ನಿಂತೇ ಕೇಳುತ್ತೀಯೋ, ಕೇಳು. ಕಾಲು ನಿನ್ನವು" ಎಂದು ಶುರುಮಾಡಿದರು.

ಕಾಡಿನ ಅಂಚಿನಲ್ಲಿ ಒಂದು ಊರು. ಊರಿನ ಸುತ್ತ ಗಡಿಕಲ್ಲುಗಳು. ಮನೆಗಳು ಕಲ್ಲಿನ ಈಚೆ, ಹೊಲಗಳು ಆಚೆ. ಹಂದಿಗಳ ಕಾಟ ಬಹಳ, ಹಾಗಾಗಿ ಕೆಲವು ರೈತರು ಕೋವಿ ಇಟ್ಟುಕೊಂಡಿದ್ದರು. ಅದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿ. ಒಂದು ಸಲ ತುಂಬಿದರೆ ಒಂದೇ ಈಡು. ಮದ್ದು ಚೆಲ್ಲದ ಹಾಗೆ ಮೇಲೆ ತೆಂಗಿನ ನಾರು ತುರುಕುತ್ತಿದ್ದರು. ಈಡು ಹಾರಿದಾಗ ಆ ನಾರು ಉರಿಯುತ್ತ ಹೋಗಿ ಎಲ್ಲೋ ಬೀಳುತ್ತಿತ್ತು. ಹಿಂದೊಮ್ಮೆ ಯಾವನೋ ಬೀದಿಯಲ್ಲಿ ನಿಂತು ಮಂಗನಿಗೆ ಗುರಿಯಿಟ್ಟ. ಮಂಗ ತಪ್ಪಿಸಿಕೊಂಡಿತು. ನಾರು ಹುಲ್ಲಿನ ಮಾಡಿನ ಮೇಲೆ ಬಿದ್ದು ಕೇರಿಗೆ ಕೇರಿಯೇ ಸುಟ್ಟುಹೋಯಿತು.

ಅವತ್ತಿನಿಂದ ಊರವರು ಒಂದು ಕಟ್ಟಳೆ ಮಾಡಿಕೊಂಡರು. ಗಡಿಕಲ್ಲಿನ ಒಳಗೆ ಯಾರೂ ಕೋವಿ ಹಾರಿಸಕೂಡದು. ಜೀವದ ಮೇಲೆ ಬಂದ ಪ್ರಾಣಿಗೆ ಮಾತ್ರ ಹಾರಿಸಬಹುದು. ಹಾಗೆ ಹಾರಿಸಿದವನು ಅಂದೇ ಕೋವಿ ತೆಗೆದುಕೊಂಡು ಚಾವಡಿಗೆ ಬರಬೇಕು. ಬಂದು, ನಡೆದದ್ದನ್ನು ನಡೆದ ಹಾಗೆಯೇ ಎಲ್ಲರೆದುರು ಮಾಡಿ ತೋರಿಸಬೇಕು. ಬಾಯಲ್ಲಿ ಹೇಳಿದರೆ ಆ ಊರಿನಲ್ಲಿ ಸಾಕಾಗುತ್ತಿರಲಿಲ್ಲ.

ಆ ಊರಿನ ಒಬ್ಬ ವ್ಯಾಪಾರಿ ಎಲ್ಲಿಂದಲೋ ಒಂದು ನಾಯಿ ತಂದ. ಕರುವಿನಷ್ಟು ಎತ್ತರದ ನಾಯಿ. ಅಂಗಡಿ ಕಾಯಲಿ ಎಂದು ತಂದದ್ದು, ಆದರೆ ರಾತ್ರಿ ಬೊಗಳಿದರೆ ತನ್ನ ನಿದ್ದೆ ಕೆಡುತ್ತದೆ ಎಂದು ರಾತ್ರಿ ಒಳಗೆ ಕಟ್ಟುತ್ತಿದ್ದ, ಹಗಲು ಬಿಡುತ್ತಿದ್ದ. ಕಳ್ಳರಿಗೆ ಏನೂ ತೊಂದರೆಯಾಗಲಿಲ್ಲ. ಊರವರು ಮಾತ್ರ ಆ ಬೀದಿಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಬೇಕಾಯಿತು. ಕೆಲವರನ್ನು ಅದು ಕಚ್ಚಿತು. ಊರ ಗೌಡರ ಸೊಸೆಯನ್ನೂ ಕಚ್ಚಿತು. ಕಟ್ಟಿಹಾಕಿಕೋ ಮಾರಾಯ ಎಂದು ಹೇಳಲು ಹೋದವರಿಗೆ ವ್ಯಾಪಾರಿ, ನನ್ನ ನಾಯಿ ಒಳ್ಳೆಯವರ ತಂಟೆಗೆ ಹೋಗುವುದಿಲ್ಲ ಎನ್ನುತ್ತಿದ್ದ. ಕಚ್ಚಿಸಿಕೊಂಡವರು ನೋವಿನ ಜೊತೆಗೆ ಕೆಟ್ಟ ಹೆಸರನ್ನೂ ಹೊತ್ತುಕೊಂಡು ಬರುತ್ತಿದ್ದರು.

ಅದೇ ಬೀದಿಯ ಕೊನೆಯಲ್ಲಿ ಒಬ್ಬ ರೈತನ ಮನೆ. ಅವನಿಗೆ ಒಬ್ಬಳೇ ಮಗಳು. ಹೊಲದಲ್ಲಿ ಮೆಕ್ಕೆಜೋಳ ಹಾಲುಗಾಳು ಕಟ್ಟಿತ್ತು. ಹಂದಿಗಳು ಬಾಯಿ ಹಾಕುವುದು ಸರಿಯಾಗಿ ಆಗಲೇ. ಕೋವಿಯೊಂದು ಕೈಯಲ್ಲಿರುವುದರಿಂದ ಬೆಳೆ ಮನೆ ಸೇರುತ್ತದೆ ಎಂದು ರೈತ ಧೈರ್ಯವಾಗಿದ್ದ.

ಒಂದು ಬೆಳಿಗ್ಗೆ ಅವನು ಹೊಲ ಕಾದು ಮನೆಗೆ ಬರುತ್ತಿದ್ದ. ಹಂದಿ ಬಂದಿರಲಿಲ್ಲ. ತುಂಬಿದ ಕೋವಿ ಹೆಗಲ ಮೇಲೆ ಹಾಗೆಯೇ ಇತ್ತು. ಎದುರಿನಿಂದ ಮಗಳು ಅವನಿಗೆಂದು ಮಜ್ಜಿಗೆಯ ತಂಬಿಗೆ ಹಿಡಿದು ಬರುತ್ತಿದ್ದಳು. ಅಂಗಡಿಯ ಅಂಗಳದಿಂದ ನಾಯಿ ಹಾರಿ ಬಂತು. ಹುಡುಗಿ ಬಿದ್ದಳು. ನಾಯಿ ಅವಳ ಲಂಗಕ್ಕೆ ಬಾಯಿ ಹಾಕಿ ಎಳೆಯಿತು, ಬಿಟ್ಟಿತು, ಕುತ್ತಿಗೆಗೆ ಬಾಯಿ ಹಾಕಲು ಎದ್ದಿತು.

ರೈತನ ಎದೆ ಒಡೆದುಹೋಯಿತು. ಕೂಗಿದ, ನಾಯಿ ತಿರುಗಲಿಲ್ಲ. ಕಲ್ಲು ಹುಡುಕಲು ಹೊತ್ತಿರಲಿಲ್ಲ. ಅವನು ಕೋವಿ ಎತ್ತಿ ಹಾರಿಸಿದ. ಚರೆ ನಾಯಿಯ ಕಿವಿ ಸವರಿಕೊಂಡು ಹೋಯಿತು. ನಾಯಿ ಕುಂಯ್ ಎಂದು ಹುಡುಗಿಯನ್ನು ಬಿಟ್ಟು ಓಡಿತು. ಈಡಿನ ಸದ್ದಿಗೆ ಬೀದಿಯವರೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ರೈತ ಮಗಳನ್ನು ಎತ್ತಿ ನೋಡಿದ. ಲಂಗ ಹರಿದಿತ್ತು, ಮಂಡಿ ತರಚಿತ್ತು, ಅಷ್ಟೇ. ಮನೆಗೆ ಹೋಗವ್ವ ಎಂದು ಅವಳನ್ನು ಕಳಿಸಿದ.

ಇಲ್ಲಿಗೆ ನಿಂತಿದ್ದರೆ ಕತೆ ಮುಗಿಯುತ್ತಿತ್ತು ಎಂದು ಗುರುಗಳು ಗುರುಪಾದನ ಮುಖ ನೋಡಿದರು.

ಮೊದಲ ಈಡು ಹಾರಿಸುವಾಗ ರೈತನಿಗೆ ಇದ್ದದ್ದು ಹೆದರಿಕೆ. ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. ಇಷ್ಟು ದಿನ ಆ ನಾಯಿಗೆ ಹೆದರಿ ಗೋಡೆಗೆ ಮೈ ಒತ್ತಿಕೊಂಡು ನಡೆದದ್ದು ನೆನಪಾಯಿತು. ವ್ಯಾಪಾರಿಯ ಕೊಂಕು ಮಾತು ನೆನಪಾಯಿತು. ಇವತ್ತು ಇದರ ಕತೆ ಮುಗಿಸಿಯೇ ಮನೆಗೆ ಹೋಗುವುದು ಎಂದುಕೊಂಡ. ಬೀದಿಯಲ್ಲೇ ಕೋವಿಗೆ ಮತ್ತೆ ಮದ್ದು ತುಂಬಿದ. ತುಂಬಿಕೊಂಡು ವ್ಯಾಪಾರಿಯ ಅಂಗಳಕ್ಕೆ ನಡೆದ. ಬಣವೆಯ ಪಕ್ಕದ ಗಾಡಿಯ ಕೆಳಗೆ ನಾಯಿ ಇತ್ತು. ಹಾರಿಸಿದ. ಈ ಸಲ ಗುರಿ ತಪ್ಪಲಿಲ್ಲ. ಉರಿಯುವ ನಾರು ಬಣವೆಯ ಬುಡಕ್ಕೆ ಬಿತ್ತು. ವ್ಯಾಪಾರಿಯ ಹೆಂಡತಿ ಓಡಿಬಂದು ಕೊಡ ನೀರು ಸುರಿದಳು.

ಮಧ್ಯಾಹ್ನ ಚಾವಡಿಯಲ್ಲಿ ಊರೆಲ್ಲ ಸೇರಿತು. ರೈತ ಕೋವಿ ಹಿಡಿದು ಬಂದ. ಕೇಳಿದರೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ. ನಾಯಿ ಮಗಳ ಮೇಲೆ ಬಿತ್ತು, ಒಂದು ಈಡು ಹಾರಿಸಿದೆ. ಅದು ಅಂಗಳದ ಒಳಗೆ ಓಡಿದ ಹಾಗೆ ಮಾಡಿ ತಿರುಗಿ ನನ್ನ ಮೇಲೇ ಬಂತು, ಇನ್ನೊಂದು ಹಾರಿಸಿದೆ. ಎರಡೂ ಜೀವ ಉಳಿಸಿಕೊಳ್ಳಲು, ಎರಡೂ ಕಟ್ಟಳೆಗೆ ಸರಿಯಾಗಿ ಎಂದು ಹೇಳುವವನಿದ್ದ. ವ್ಯಾಪಾರಿ ಬಾಯಿ ಬಡಿದುಕೊಂಡ. ನನ್ನ ನಾಯಿ ನನ್ನ ಗಾಡಿಯ ಕೆಳಗೆ ಸತ್ತಿದೆ ಎಂದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಪೀಡೆ ತೊಲಗಿತು ಎಂದು ಹೆಂಗಸರು ಬೆರಳ ಲಟಿಗೆ ಮುರಿಯುತ್ತಿದ್ದರು. ಎರಡನೆಯ ಈಡು ಹಾರಿದ್ದನ್ನು ಕಂಡವರು ಯಾರೂ ಇರಲಿಲ್ಲ, ವ್ಯಾಪಾರಿಯ ಹೆಂಡತಿ ಹೊರಗೆ ಬಂದದ್ದೂ ಸದ್ದು ಕೇಳಿದ ಮೇಲೆಯೇ. ಗೌಡರ ಸೊಸೆಯ ಕಾಲಿನ ಗಾಯ ಇನ್ನೂ ಮಾಯ್ದಿರಲಿಲ್ಲ. ರೈತ ಗೆದ್ದೇ ಬಂದವನ ಹಾಗೆ ನಿಂತಿದ್ದ.

ಗೌಡರು ವ್ಯಾಪಾರಿಯ ದೂರು ಕೇಳಿ ಮುಗಿಸಿ ರೈತನಿಗೆ, ಆಯಿತಪ್ಪ, ಈಗ ಮಾಡಿ ತೋರಿಸು ಎಂದರು.

ರೈತ ಹೆಗಲಿನಿಂದ ಕೋವಿ ಇಳಿಸಿ, ಎತ್ತಿ, ಗುರಿ ಹಿಡಿದು ತೋರಿಸಿದ. ಮೊದಲ ಈಡು ಹಾರಿತು ಅಂದುಕೊಳ್ಳೋಣ ಎಂದರು ಗೌಡರು. ರೈತ ಕೋವಿಯನ್ನು ಸ್ವಲ್ಪ ತಿರುಗಿಸಿ ಎರಡನೆಯದಕ್ಕೆ ಗುರಿ ಹಿಡಿಯಲು ಹೋದ. ಗೌಡರು ಕೈ ಅಡ್ಡ ಮಾಡಿದರು. ಬರಿದಾದ ಕೋವಿ ಹಾರುವುದಿಲ್ಲವಲ್ಲ, ತುಂಬು ಎಂದರು.

ರೈತ ಸೊಂಟದ ಚೀಲ ಬಿಚ್ಚಿದ. ಅಂಗೈಯಲ್ಲಿ ಮದ್ದು ಅಳೆದು ನಳಿಗೆಗೆ ಸುರಿದ. ನಾರು ಉಂಡೆ ಮಾಡಿ ತುರುಕಿದ. ನಳಿಗೆಗೆ ತೂರಿಸುವ ಕಬ್ಬಿಣದ ಕಡ್ಡಿ, ಗಜ, ತೆಗೆದು ಜಡಿಯತೊಡಗಿದ. ಮೊದಮೊದಲು ಜನ ಕುತೂಹಲದಿಂದ ನೋಡಿದರು. ಅವನು ಚರೆ ಹಾಕಿದ, ಮತ್ತೆ ನಾರು ಹಾಕಿದ, ಮತ್ತೆ ಜಡಿದ. ವ್ಯಾಪಾರಿ ಗೊಣಗುವುದನ್ನು ನಿಲ್ಲಿಸಿದ. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಕುಟ್ಟಿ ಮುಗಿಸಿ ಬಾಯಿಗೆ ಹಾಕಿಕೊಂಡಳು. ರೈತ ಇನ್ನೂ ಜಡಿಯುತ್ತಲೇ ಇದ್ದ. ಚಾವಡಿಯಲ್ಲಿ ಗಜದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಕೋವಿಯನ್ನು ನೋಡುತ್ತಿದ್ದ ಕಣ್ಣುಗಳು ಒಂದೊಂದಾಗಿ ಅವನ ಮುಖಕ್ಕೆ ಬಂದವು.

ತಾನು ಏನನ್ನು ತೋರಿಸುತ್ತಿದ್ದೇನೆ ಎಂದು ರೈತನಿಗೆ ಆಗ ಹೊಳೆಯಿತು. ಮದ್ದಿಗೆ ಕಿಡಿ ಹೊತ್ತಿಸಲು ನಳಿಗೆಯ ಹಿಂದೆ ಕೂರಿಸಬೇಕಾದ ಕೇಪು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಕೋವಿ ಕೆಟ್ಟಿದೆ ಎಂದು ಅಲ್ಲೇ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. ಬಗ್ಗಿ, ಕೇಪನ್ನು ಹುಡುಕಿ ಎತ್ತಿ, ಉಜ್ಜಿ, ಕೂರಿಸಿದ.

"ಇಷ್ಟು ಹೊತ್ತು ನಾಯಿ ಎಲ್ಲಿತ್ತಪ್ಪ?" ಎಂದು ಗೌಡರು ಕೇಳಿದರು.

ರೈತ ಮಗಳ ಕಡೆ ನೋಡಿದ. ಅವಳು ಹರಿದ ಲಂಗವನ್ನು ಮುಷ್ಟಿಯಲ್ಲಿ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಕಟ್ಟಿಕೊಂಡು ಬಂದ ಮಾತುಗಳು ಇನ್ನೂ ಬಾಯಲ್ಲೇ ಇದ್ದವು. ಅವನು ಅವುಗಳನ್ನು ನುಂಗಿಕೊಂಡ.

"ಗಾಡಿಯ ಕೆಳಗಿತ್ತು ಗೌಡರೇ. ಬಾಲ ಮುದುರಿಕೊಂಡು ಅಡಗಿತ್ತು."

ಗೌಡರು ಮೊದಲು ವ್ಯಾಪಾರಿಯ ಕಡೆ ತಿರುಗಿದರು. ನಾಯಿ ಸಾಕಿದವನಿಗೆ ಹಗ್ಗ ಸಾಕಲು ಬಡತನವಿತ್ತೇ ಎಂದು ಕೇಳಿದರು. ಇನ್ನು ಮುಂದೆ ಅವನು ಬೇರೆ ನಾಯಿ ತಂದು ಹಗಲು ಬಿಟ್ಟರೆ ಅವನ ಅಂಗಡಿಗೆ ಊರವರು ಕಾಲಿಡುವುದಿಲ್ಲ ಎಂದು ಹೇಳಿದರು. ವ್ಯಾಪಾರಿ ತಲೆ ತಗ್ಗಿಸಿದ. ಆಮೇಲೆ ರೈತನಿಗೆ, ನಿನ್ನ ಮೊದಲ ಈಡನ್ನು ಊರು ಯಾವತ್ತೂ ಪ್ರಶ್ನೆ ಮಾಡುವುದಿಲ್ಲ, ನಿನ್ನ ಜಾಗದಲ್ಲಿ ನಾನಿದ್ದರೂ ಹಾರಿಸುತ್ತಿದ್ದೆ ಎಂದರು. ಎರಡನೆಯದಕ್ಕಾಗಿ, ಜೋಳ ಮುರಿಯುವ ತನಕ ಕೋವಿ ಚಾವಡಿಯಲ್ಲಿರಲಿ ಎಂದರು.

ಜನ ಗುಜುಗುಜು ಎಂದರು. ಹಾಲುಗಾಳಿನ ಹೊತ್ತಿನಲ್ಲಿ ಕೋವಿ ಕಿತ್ತುಕೊಂಡರೆ ಬೆಳೆ ಕೊಟ್ಟುಬಿಟ್ಟ ಹಾಗೆಯೇ, ಸ್ವಲ್ಪ ಕನಿಕರ ತೋರಿಸಿ ಎಂದು ಬೇಡಿದವರೂ ಇದ್ದರು. ರೈತ ಬೇಡಲಿಲ್ಲ. ತುಂಬಿದ ಕೋವಿ ಹಿಡಿದು ಗಡಿಕಲ್ಲಿನ ಆಚೆಗೆ ನಡೆದ. ಬರಿಯ ಆಕಾಶಕ್ಕೆ ಹಾರಿಸಿ ಬರಿದು ಮಾಡಿದ. ತಂದು ಚಾವಡಿಯ ಗೋಡೆಗೆ ಒರಗಿಸಿಟ್ಟ. ಮಗಳ ಕೈ ಹಿಡಿದು ಮನೆಗೆ ಹೋದ. ಆ ಬೆಳೆ ಮುಗಿಯುವ ತನಕ ಅಟ್ಟಣೆಯ ಮೇಲೆ ಡಬ್ಬ ಬಡಿದು, ಗಂಟಲು ಕಟ್ಟುವ ತನಕ ಕೂಗಿ ಹೊಲ ಕಾದ. ಹಂದಿಗಳು ತಿಂದಷ್ಟು ತಿಂದವು. ಉಳಿದದ್ದನ್ನು ಹೊತ್ತು ತಂದ. ಯಾರನ್ನೂ ದೂರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಪಾದನ ಮುಖ ಅರಳಿತ್ತು. ಗೂಟದಲ್ಲಿ ತೂಗುತ್ತಿದ್ದ ಜೋಳಿಗೆಯನ್ನು ನೋಡಿದ. ಕತೆ ತನ್ನ ಪರವಾಗಿಯೇ ಇದೆ ಎಂದು ಅವನಿಗೆ ಅನ್ನಿಸಿತು. ಮೈಮೇಲೆ ಬಂದದ್ದನ್ನು ಹೊಡೆಯುವುದು ಸರಿ ಎಂದು ಗೌಡರೇ ಹೇಳಿದರಲ್ಲ. ಇನ್ನು ಶಾವಂತ್ರೆವ್ವನ ಬಾಗಿಲಿಗೆ ಹೋಗಿ ತಲೆ ಬಾಗುವ ಮಾತೇ ಇಲ್ಲ.

"ನನ್ನ ಕೈಯಲ್ಲಿ ಕೋವಿ ಇರಲಿಲ್ಲ ಗುರುಗಳೇ, ಮದ್ದು ತುಂಬುವ ಕೆಲಸವೂ ಇರಲಿಲ್ಲ. ನಾಯಿ ಮೈಮೇಲೆ ಬಂತು, ಮೂತಿಗೆ ಹೊಡೆದೆ. ನನ್ನದು ಮೊದಲ ಈಡೇ ತಾನೇ?"

"ಬೆಳಿಗ್ಗೆ ನಾನು ಬಿದಿರು ಕಟ್ಟಿದ್ದು ಅದರ ಹಿಂಗಾಲಿಗೆ, ಗುರುಪಾದ."