ತೀತ ಸಭೆಯ ನಾಡಿ ಹಿಡಿದದ್ದು

ಕೇಳ್ರಪ್ಪಾ, ಕೇಳ್ರಮ್ಮಾ. ನಗೋರು ನಗಿ, ತೂಕಡಿಸೋರು ತೂಕಡಿಸಿ, ಕತೆಗೇನೂ ಬೇಜಾರಿಲ್ಲ.

ಮಂಜಿನಕೆರೆ ಅಂತ ಒಂದೂರು. ಬೆಳಗಾದರೆ ಕೆರೆಯಿಂದ ಮಂಜು ಏಳೋದು, ಮಂಜಿನ ಮೇಲೆ ಶಿಲುಬೆ ಹೊತ್ತ ಬಿಳೀ ದೇವಾಲಯ ತೇಲೋದು. ಆ ಊರಲ್ಲಿ ಸುವಾರ್ತಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ತೀತ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಒಲೆ ಮೇಲಿನ ಹಾಲು ನೋಡ್ಕೋ" ಅಂದರೆ, ಹಾಲು ಉಕ್ಕಿ ನೆಲಕ್ಕೆ ಹರಿಯೋ ತನಕ ನೋಡ್ತಾನೇ ಕೂತಿರೋನು. "ನೋಡಿದೆನಮ್ಮಾ, ಬಲು ಚೆನ್ನಾಗಿತ್ತು!"

"ಅಯ್ಯೋ ದೇವರೇ, ಇವನನ್ನ ಕಟ್ಟಿಕೊಂಡು ನಾನೇನು ಮಾಡಲಿ!" ಅಂತ ಸುವಾರ್ತಮ್ಮ ಹಣೆ ಚಚ್ಚಿಕೊಳ್ಳೋಳು.

ತೀತನಿಗೆ ದೇವಾಲಯದ ಗಂಟೆ ಹೊಡೆಯೋ ಕೆಲಸ. ಗಂಟೆಯೇನೋ ಹೊಡೆಯೋನು, ಜನ ಎಲ್ಲಿ? ಬಂದ ನಾಲ್ಕು ಜನಾನೂ ಎರಡು ಪಾಲು. ಎಜ್ರಪ್ಪನ ಕಡೆಯೋರು ಎಡಕ್ಕೆ, ಬಡಗಿ ಯಾಕೋಬಪ್ಪನ ಕಡೆಯೋರು ಬಲಕ್ಕೆ. ಇಬ್ಬರೂ ಭಾವ ಭಾಮೈದ. ಎಜ್ರಪ್ಪನ ತಂಗಿ ಶಾಂತಮ್ಮನೇ ಯಾಕೋಬಪ್ಪನ ಹೆಂಡತಿ. ಅವಳು ತೀರಿಕೊಂಡ ದಿನ ಯಾವ ಕೀರ್ತನೆ ಹಾಡಬೇಕು ಅಂತ ಶುರುವಾದ ಜಗಳ ಒಂಬತ್ತು ವರ್ಷವಾದರೂ ಮುಗಿದಿರಲಿಲ್ಲ. ಸಭೆಯವರಿಗೂ ಸಾಕಾಗಿ, ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿದರು.

ಒಂದಿನ ಮೇಲಿನಿಂದ ಕಾಗದ ಬಂತು. ಬರೋ ಭಾನುವಾರದ ಸುಗ್ಗಿ ಆರಾಧನೆಗೆ ದೊಡ್ಡಯ್ಯನವರು, ಅದೇ ಬಿಷಪ್ಪರು, ಬರ್ತಾರಂತೆ. ಸಭೆಯಲ್ಲಿ ಜೀವ ಇದ್ದರೆ ಸರಿ, ಇಲ್ಲದಿದ್ದರೆ ದೇವಾಲಯ ಮುಚ್ಚಿಸ್ತಾರಂತೆ. ಸಭಾಪಾಲಕರು ಪ್ರಭುದಾಸ ಅಯ್ಯನವರು, ಪಾಪ, ನಿದ್ದೆ ಬಿಟ್ಟು ಇಳಿದುಹೋದರು.

"ತೀತಾ, ನಮ್ಮ ಸಭೆಗೆ ಕಾಯಿಲೆ ಕಣಪ್ಪಾ. ಯಾರಾದರೂ ಮನೆಮನೆಗೆ ಹೋಗಿ ಸಭೆಯ ನಾಡಿ ಹಿಡಿದು ನೋಡಬೇಕು."

"ಅಷ್ಟೇನಾ? ನಾನು ಹೋಗ್ತೀನಿ!"

ಹೋದ. ಕಂಡಕಂಡವರ ಮಣಿಕಟ್ಟು ಹಿಡಿದ. ರಾಗಿ ಬೀಸ್ತಿದ್ದವಳದ್ದು ಹಿಡಿದ, ಕ್ಷೌರಕ್ಕೆ ಕೂತಿದ್ದವನದ್ದು ಹಿಡಿದ. ಊರಾಚೆ ಒಂಟಿಯಾಗಿದ್ದ ತಬಿಥಜ್ಜಿಯ ಕೈ ಹಿಡಿದರೆ ಅಜ್ಜಿ ಬಿಡಲೇ ಇಲ್ಲ.

"ಇನ್ನೊಂದು ಗಳಿಗೆ ಹಿಡ್ಕೊಳ್ಳೋ ಮಗಾ. ನನ್ನ ಕೈ ಯಾರಾದರೂ ಹಿಡಿದು ನಾಲ್ಕು ವರ್ಷವಾಯ್ತು."

ತೀತ ಹಿಡಿದುಕೊಂಡೇ ಕೂತ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಅಜ್ಜಿ ನಿದ್ದೆ ಹೋದಳು, ತೀತನೂ ನಿದ್ದೆ ಹೋದ.

ಸಂಜೆ ಓಡಿ ಬಂದ. "ಅಯ್ಯನವರೇ, ಎಲ್ಲರ ನಾಡಿ ಬಡೀತಾ ಇದೆ! ಯಾರೂ ಸತ್ತಿಲ್ಲ!"

ಸುವಾರ್ತಮ್ಮ ಕೇಳಿ ಕೆಂಡವಾದಳು. "ಲೋ ಪೆದ್ದೇ! ಕೈ ಹಿಡಿದರೆ ಏನು ಗೊತ್ತಾಗುತ್ತೋ? ಜನರ ಬಾಯಿ ಬಿಡಿಸಬೇಕು, ಬಾಯಿ!"

"ಹೂಂ ಅಮ್ಮಾ. ಬಾಯಿ ಬಿಡಿಸ್ತೀನಿ."

ಹೋದ. ಎಜ್ರಪ್ಪ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ತೀತ ಗಲ್ಲ ಹಿಡಿದ, ದವಡೆ ಎಳೆದ, ಬಗ್ಗಿ ನೋಡಿದ. ಎಜ್ರಪ್ಪ ಪಿಚಕ್ ಅಂತ ಉಗಿದ. ಕೆಂಪು ಮುಖ ಹೊತ್ತುಕೊಂಡೇ ತೀತ ಮನೆಗೆ ಬಂದ.

"ಅಮ್ಮಾ, ಬಾಯಿ ಬಿಡಿಸಿದೆ! ಎಜ್ರಪ್ಪನವರಿಗೆ ಮೂರೇ ಹಲ್ಲು!"

"ಅಯ್ಯೋ ನನ್ನ ಕರ್ಮವೇ! ಯಾರನ್ನೂ ಮುಟ್ಟಬೇಡ್ವೋ! ಎಲ್ಲಿ ಬಾಗಿಲು ಮುಚ್ಚಿದೆಯೋ ಅಲ್ಲಿ ತಟ್ಟು. ತೆರೆಯೋ ತನಕ ತಟ್ಟು. ತೆರೆದ ಮೇಲೆ 'ಭಾನುವಾರ ಬನ್ನಿ' ಅನ್ನು. ತಿರುಗಿ ಬಾ."

"ಹೂಂ ಅಮ್ಮಾ. ತಟ್ತೀನಿ, ಬನ್ನಿ ಅಂತೀನಿ, ಬರ್ತೀನಿ."

ಹೋದ. ಮಟಮಟ ಮಧ್ಯಾಹ್ನ. ನಾಯಿ ಮಲಗಿತ್ತು, ಕೋಳಿ ಮಲಗಿತ್ತು, ಗಾಳಿಯೂ ಮಲಗಿತ್ತು. ಊರಿನ ಬಾಗಿಲೆಲ್ಲ ಹಾರುಹೊಡೆದಿತ್ತು, ಎಲ್ಲಿ ತಟ್ಟೋದು? ತೆರೆದ ಬಾಗಿಲಲ್ಲಿ ಕನಸಿನ ಹಾಗೆ ಹೊಕ್ಕು ಹೊರಟ. ಎಜ್ರಪ್ಪನ ಮನೆ ಹೊಕ್ಕ. ಎಜ್ರಪ್ಪ ಮಂಚದ ಮೇಲೆ ಗೊರಕೆ ಹೊಡೀತಿದ್ದ. ನಡುಮನೆ ದಾಟಿದರೆ ಕತ್ತಲ ಕೋಣೆ, ಅಲ್ಲೊಂದು ಮುಚ್ಚಿದ ಬಾಗಿಲು. ಆಚೆ ಕಡೆ ಯಾಕೋಬಪ್ಪನ ಮನೆ. ಶಾಂತಮ್ಮ ಬದುಕಿದ್ದಾಗ ಅಣ್ಣನ ಮನೆಗೆ ಸಾರು ತರ್ತಿದ್ದ ಬಾಗಿಲು ಅದು. ಒಂಬತ್ತು ವರ್ಷದ ಹಿಂದೆ ಯಾಕೋಬಪ್ಪ ಅಗುಳಿ ಹಾಕಿದವನು ತೆಗೆದಿರಲಿಲ್ಲ.

ಟಕ್ ಟಕ್. ಟಕ್ ಟಕ್. ಟಕ್ ಟಕ್.

ಆಚೆ ಕಡೆ ಅಗುಳಿ ಕಿರುಗುಟ್ಟಿತು. ಬಾಗಿಲು ಒಂದು ಗೇಣು ಸರಿಯಿತು. "ಭಾನುವಾರ ಬನ್ನಿ" ಅಂದ ತೀತ ಕತ್ತಲಲ್ಲೇ, ತಿರುಗಿ ನಡೆದುಬಿಟ್ಟ.

ಸದ್ದಿಗೆ ಎದ್ದ ಎಜ್ರಪ್ಪ ಕಣ್ಣುಜ್ಜಿಕೊಂಡು ಕೋಣೆಗೆ ಬಂದ. ತೆರೆದ ಬಾಗಿಲಲ್ಲಿ ಯಾಕೋಬಪ್ಪ ನಿಂತಿದ್ದ.

"ಭಾವಾ, ತಟ್ಟಿದೆಯಾ?" ಅಂದ ಎಜ್ರಪ್ಪ.

"ನೀನೇ ತಟ್ಟಿ ನೀನೇ ಕೇಳ್ತೀಯಲ್ಲೋ," ಅಂದ ಯಾಕೋಬಪ್ಪ. "ನಾನು ನಿದ್ದೆಗಣ್ಣಲ್ಲಿ ಶಾಂತಿ ತಟ್ತಿದಾಳೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ ಭಾವಾ."

ಇಬ್ಬರೂ ಹೊಸ್ತಿಲ ಮೇಲೇ ಕುಸಿದು ಕೂತರು. ಆವತ್ತು ಸಂಜೆ ಎರಡೂ ಮನೆಗೆ ಒಂದೇ ಒಲೆಯಲ್ಲಿ ಸಾರು.

ಭಾನುವಾರ ಬಂತು. ಏನ್ ಜನ, ಏನ್ ಜನ! ಭಾವ ಭಾಮೈದ ಒಂದಾದರಂತೆ ಅಂತ ಊರೇ ಬಂತು. ತಬಿಥಜ್ಜಿಯನ್ನ ಹೆಂಗಸರು ಕೈ ಹಿಡಿದು ಕರಕೊಂಡು ಬಂದರು. ಕುಂಬಳಕಾಯಿ ಬಂತು, ಬಾಳೆಗೊನೆ ಬಂತು, ದೊಡ್ಡಯ್ಯನವರೂ ಬಂದರು. ಆವತ್ತು ಜಗಳ ಹುಟ್ಟಿಸಿದ್ದ ಎರಡೂ ಕೀರ್ತನೆಯನ್ನ ಒಂದಾದ ಮೇಲೊಂದು ಹಾಡಿದರು. ದೊಡ್ಡಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ಜೀವ ಇರೋ ಸಭೇನ ಮುಚ್ಚೋ ಮಾತೇ ಇಲ್ಲ" ಅಂದರು.

ಸುವಾರ್ತಮ್ಮ ಸಂಭ್ರಮದಲ್ಲಿ ಮಗನ ಕಿವಿಯಲ್ಲಿ ಉಸುರಿದಳು. "ಲೋ ತೀತಾ, ಇಷ್ಟು ಜನ ಕೂಡಿದಾರೆ. ಇನ್ನು ಒಬ್ಬರೂ ಸಭೆ ಬಿಟ್ಟು ಹೋಗದ ಹಾಗೆ ನೋಡ್ಕೋಬೇಕು ಕಣೋ!"

"ಹೂಂ ಅಮ್ಮಾ."

ಮೆಲ್ಲಗೆ ಹೊರಗೆ ಹೋದ. ದೊಡ್ಡ ಬಾಗಿಲು ಎಳೆದ, ಬೀಗ ಜಡಿದ.

ಆರಾಧನೆ ಮುಗೀತು. ಜನ ಎದ್ದರು. ಬಾಗಿಲು ಅಲ್ಲಾಡಲ್ಲ! ಸುವಾರ್ತಮ್ಮ ಕಿಟಕಿ ಸರಳು ಹಿಡಿದು ಕೂಗಿದಳು. "ಲೋ! ಬಾಗಿಲು ತೆಗೆಯೋ!"

"ಅಮ್ಮಾ," ಅಂದ ತೀತ, ಕಣ್ಣಲ್ಲಿ ನೀರು ತಂದುಕೊಂಡು, "ನೀನೂ ಬಿಟ್ಟು ಹೋಗ್ತೀಯಾ?"

ಸುವಾರ್ತಮ್ಮನ ಕೋಪ ಕರಗಿಹೋಯಿತು. "ಇಲ್ಲಪ್ಪಾ, ಇಲ್ಲ. ನೀನೊಬ್ಬನೇ ಯಾಕೆ ಹೊರಗಿದ್ದೀಯೋ? ನೀನೂ ಸಭೆಯೋನೇ ಅಲ್ವಾ? ಒಳಗೆ ಬಾ ಕಂದಾ."

"ಹೂಂ ಅಮ್ಮಾ!"

ಬೀಗ ತೆಗೆದ, ಸರಕ್ಕನೆ ಒಳಗೆ ನುಗ್ಗಿದ. ಒಳಗಿನಿಂದ ಅದೇ ಬೀಗ ಜಡಿದ. ಬೀಗದ ಕೈಯನ್ನ ಕಿಟಕಿಯಿಂದ ಬೀಸಿ ಕೆರೆಗೆಸೆದ. ಬುಳುಕ್!

"ಈಗ ಯಾರೂ ಕಡಿಮೆ ಇಲ್ಲ ಅಯ್ಯನವರೇ!" ಅಂತ ಹೋಗಿ ತಬಿಥಜ್ಜಿ ಪಕ್ಕದಲ್ಲಿ ಕೂತ.