ಯಜಮಾನರು ತೆಗೆದ ಮೊದಲ ಅಂಚು

ಗಟ್ಟಿ ಹೊನ್ನೆ ಮರದ ಹಲಗೆಯ ಅಂಚನ್ನು ದುಂಡಗೆ ಮಾಡುವಾಗ, ಅಂಚು ಕೊರೆಯುವ ಸಣ್ಣ ರೂಟರ್ ಮಷಿನ್ ಕೈಯಿಂದ ಹಾರಿ ಬಡಗಿ ಮೌನಾಚಾರಿಯ ಎರಡು ಬೆರಳು ಹೋದವು. ಮಷಿನ್ನೂ ಕೆಟ್ಟಿತು. ಮರಗೆಲಸದ ಕಾರ್ಖಾನೆಯ ಯಜಮಾನ ಚಿಕ್ಕಲಿಂಗಯ್ಯನವರು ಇನ್ನೊಬ್ಬ ಬಡಗಿಯನ್ನು ಕರೆದುಕೊಂಡು ಅಂಗಡಿಗೆ ಹೋದರು. ಹೊಸ ಮಷಿನ್ ತರುವುದಕ್ಕೆ.

ಬಡಗಿ ಎರಡು ಹಿಡಿಕೆಯ ದೊಡ್ಡ ರೂಟರ್ ತೋರಿಸಿದ. "ಗಟ್ಟಿ ಮರಕ್ಕೆ ಇದು ಬೇಕು ಯಜಮಾನ್ರೇ. ಕೈಯಲ್ಲಿ ಹಾರಲ್ಲ."

"ಸಣ್ಣದೇ ಸಾಕು. ಮೌನಾಚಾರಿಗೆ ಗಮನ ಇರಲಿಲ್ಲ, ಅಷ್ಟೆ."

ಬಡಗಿ ತಲೆಯಾಡಿಸಿದ. "ಆಗಲಿ. ಆಯುಧಪೂಜೆಗೆ ಹೊನ್ನೆ ಹಲಗೆ ಇಟ್ಟಿರ್ತೀನಿ. ಹೊಸ ಮಷಿನ್ನಲ್ಲಿ ಮೊದಲ ಅಂಚು ಯಾವಾಗಲೂ ನೀವೇ ತಾನೆ ತೆಗೆಯೋದು."

ಯಜಮಾನರು ಬೆರಳಿನ ಉಂಗುರ ತಿರುಗಿಸಿದರು. "ಮೆತ್ತನೆ ಮರ ಯಾವುದಾದ್ರೂ ಇಡು."

"ನಮಗೆ ಆರ್ಡರ್ ಇರೋದು ಹೊನ್ನೆಗೆ. ಗಮನ ಇಟ್ಟು ಹಿಡಿದ್ರೆ ಆಯ್ತು. ಈಗ ನೀವೇ ಹೇಳಿದ್ರಲ್ಲ."

ಯಜಮಾನರು ಅಂಗಡಿಯವನ ಕಡೆ ತಿರುಗಿದರು. "ಆ ದೊಡ್ಡದನ್ನೇ ಕಟ್ಟಪ್ಪ."

ಪೂಜೆಯ ದಿನ ಅವರೇ ಮೊದಲ ಅಂಚು ತೆಗೆದರು. "ಕೆಲಸಗಾರರ ಮೇಲಿನ ಕಾಳಜಿಯಿಂದ ಈ ಮಷಿನ್ ಆರಿಸಿದ್ದೇನೆ" ಎಂದು ಭಾಷಣವನ್ನೂ ಮಾಡಿದರು. ಬಡಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಯಜಮಾನರು ಮನಸ್ಸು ಬದಲಿಸಿ ಮಷಿನ್ನನ್ನು ಅಂಗಡಿಗೆ ವಾಪಸ್ ಕಳಿಸಬಾರದಲ್ಲ.