ಅರಗು ಹಾಕದ ಪೆಟ್ಟಿಗೆ

ಹಿರೇಗುಡ್ಡದ ರಾಜ ತೀರಿಕೊಂಡ ಮೂರನೇ ವರ್ಷ, ಮಾಘ ಮಾಸದ ಮೊದಲ ಸೋಮವಾರ ಊರೂರಲ್ಲಿ ಡಂಗುರ ಹೊಡೆಸಿದರು.

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಕೆಂಚಾಂಬೆಯವರ ಅಪ್ಪಣೆ. ಒಗಟು ಮೂರು. ಬಿಡಿಸಿದವರು ರಾಜ್ಯದ ದೀಪಕ್ಕೆಲ್ಲ ಯಜಮಾನರು. ತಪ್ಪಿದರೆ ತಲೆ ಹೋಗುತ್ತೆ!"

ಆ ರಾಜ್ಯದಲ್ಲಿ ದೀಪ ಉರಿಯುತ್ತಿದ್ದುದು ಬಿಸಿಲಿನಿಂದ. ಮಾಡಿನ ಮೇಲೆ ಸೋಲಾರ್ ಫಲಕ, ಮೂಲೆಯಲ್ಲಿ ಬ್ಯಾಟರಿ, ನಡುವೆ ಬ್ಯಾಟರಿಗೆ ಬೇಕಾದಷ್ಟೇ ಕರೆಂಟು ಬಿಡುವ ಪೆಟ್ಟಿಗೆ. ಅದನ್ನು ಮಾಡುತ್ತಿದ್ದವನು ಅರಮನೆಯ ಆಚಾರಿ ಒಬ್ಬನೇ. ಬೇರೆಯವರು ಕಂಡು ಕಲಿಯಬಾರದೆಂದು ಒಳಗೆ ಕರಿ ಅರಗು ಹುಯ್ದು ಮುಚ್ಚುತ್ತಿದ್ದ. ಅವನು ಸತ್ತ. ಪೆಟ್ಟಿಗೆಗಳು ಒಂದೊಂದಾಗಿ ಕೆಟ್ಟವು. ಅರಗು ಕೆತ್ತಿದರೆ ಒಳಗಿನದೆಲ್ಲ ಜೊತೆಗೇ ಕಿತ್ತು ಬಂತು.

ಚಿತ್ತಯ್ಯ ಕುರಿ ಕಾಯುವವನು. ಹಿಂದೆ ಮುಂದೆ ಯಾರೂ ಇಲ್ಲ. ಗುಡ್ಡದ ನೆತ್ತಿಯ ಗುಡಿಸಲಿಗೆ ಹಳೆ ಸಾಮಾನಿನಲ್ಲಿ ತಾನೇ ಒಂದು ಪೆಟ್ಟಿಗೆ ಮಾಡಿಕೊಂಡಿದ್ದ. ಅದರ ನಕ್ಷೆಯನ್ನು ದಾರಿಬದಿಯ ಬಂಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದ. ಮಳೆಗಾಲ ಮುಗಿದಾಗಲೆಲ್ಲ ತಿದ್ದುತ್ತಿದ್ದ. ಹೀಗೆ ಏಳು ವರ್ಷ. ನೋಡಿದೆ ಎಂದು ಒಬ್ಬರೂ ಬಂದು ಹೇಳಲಿಲ್ಲ. ದೀಪಾವಳಿಯಿಂದೀಚೆಗೆ ಅವನ ಕಿವಿಗೆ ಬಿದ್ದ ಮೊದಲ ಮನುಷ್ಯರ ದನಿ ಡಂಗುರದವನದೇ.

ಒಗಟು ಬಿಡಿಸಲು ಅವನೂ ಅರಮನೆಗೆ ಹೋದ. ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಸೇನಾಪತಿಯ ಮಗ ಭೀಮರಸ, ಇನ್ನೊಬ್ಬ ಜವಳಿ ವರ್ತಕ ಪುಟ್ಟಣಶೆಟ್ಟಿ.

"ಏನಯ್ಯಾ, ನಿನ್ನ ತಲೆ ಹೋದರೆ ಕುರಿಗಳಿಗೆ ಸುದ್ದಿ ಮುಟ್ಟಿಸೋರು ಯಾರು?" ಎಂದ ಭೀಮರಸ.

"ಅವೇನೂ ಕೇಳಲ್ಲ ಬಿಡಿ, ಧಣಿ."

ರಾಜಕುಮಾರಿ ಭೀಮರಸನನ್ನು ಕರೆದಳು. "ಹಗಲೆಲ್ಲ ಉಣ್ಣುತ್ತದೆ. ಹೊಟ್ಟೆ ತುಂಬಿದರೂ ತೂಕ ಏರುವುದಿಲ್ಲ. ಯಾವುದು?"

"ಬೆಂಕಿ!"

ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಶೆಟ್ಟಿ ಕೈ ಮುಗಿದ. "ನನಗೆ ಬೇರೆಯದು ಕೊಡಿ ತಾಯಿ."

"ಮೂವತ್ತಾರು ಅಣ್ಣತಮ್ಮಂದಿರು ಕೈ ಹಿಡಿದು ಸಾಲಾಗಿದ್ದಾರೆ. ಒಬ್ಬನ ಮುಖಕ್ಕೆ ಮುಸುಕು ಬಿದ್ದರೆ ಅಷ್ಟೂ ಜನ ಸೋಲುತ್ತಾರೆ. ಯಾರು?"

"ನಮ್ಮ ಅಂಗಡಿ ಆಳುಗಳು!"

ಶೆಟ್ಟಿಯೂ ಅಲ್ಲಿಗೇ ಹೋದ.

"ಮೊದಲನೆಯದು ಬ್ಯಾಟರಿ," ಎಂದ ಚಿತ್ತಯ್ಯ. "ಎರಡನೆಯದು ಫಲಕದೊಳಗೆ ಒಂದಕ್ಕೊಂದು ತಂತಿ ಬೆಸೆದ ಮೂವತ್ತಾರು ಬಿಲ್ಲೆಗಳು. ಒಂದರ ಮೇಲೆ ಎಲೆ ಬಿದ್ದರೂ ಸಾಲೆಲ್ಲ ಸುಸ್ತು."

ರಾಜಕುಮಾರಿಯ ದನಿ ತಗ್ಗಿತು. "ಮೂರನೆಯದಕ್ಕೆ ನನಗೂ ಉತ್ತರ ಗೊತ್ತಿಲ್ಲ. ಕತ್ತಲಲ್ಲಿ ಒಬ್ಬಳೇ ಕೂತು ಕೇಳಿಕೊಂಡದ್ದು. ಮಾಡಿದವನು ಸತ್ತ ಮೇಲೂ ಸಾಯದ ಪೆಟ್ಟಿಗೆ ಯಾವುದು?"

"ನಕ್ಷೆ ಬಯಲಲ್ಲಿರೋ ಪೆಟ್ಟಿಗೆ, ತಾಯಿ. ಕೆಟ್ಟರೆ ಯಾರು ಬೇಕಾದರೂ ಬಿಚ್ಚಿ ಸರಿಮಾಡ್ತಾರೆ, ಬೇಕಾದರೆ ಹೊಸದು ಮಾಡ್ತಾರೆ. ನನ್ನದು ಬಂಡೆ ಮೇಲಿದೆ."

"ಅದನ್ನು ನೋಡಿ ಪೆಟ್ಟಿಗೆ ಮಾಡಿದವರು ಯಾರು?"

ಚಿತ್ತಯ್ಯ ನೆಲ ನೋಡಿದ. "ಗೊತ್ತಿಲ್ಲ."

"ಹಾಗಾದರೆ ಅದು ಬರೀ ಮಾತು. ಸವಾರರನ್ನು ಕಳಿಸುತ್ತೇನೆ. ಅಂಥ ಪೆಟ್ಟಿಗೆ ಒಂದಾದರೂ ಸಿಕ್ಕರೆ ಒಪ್ಪುತ್ತೇನೆ, ಸಿಗದಿದ್ದರೆ ನಿನ್ನ ತಲೆಯೂ ಹೋಯಿತು. ಗುರುತೇನು?"

"ಬಲಗಡೆ ಒಂದು ಬೇಡದ ತೂತಿರುತ್ತೆ. ಕೈತಪ್ಪಿ ಕೊರೆದಿದ್ದೆ. ನಕ್ಷೆಯಲ್ಲೂ ಇದ್ದದ್ದು ಇದ್ದ ಹಾಗೇ ಬರೆದೆ."

ಮೂರು ದಿನ ಸೆರೆಮನೆಯಲ್ಲಿ ಕೂತ. ಸಾವಿನ ಭಯಕ್ಕಿಂತ ಹೆಚ್ಚಾಗಿ ಬೇರೊಂದು ಯೋಚನೆ ಕೊರೆಯುತ್ತಿತ್ತು: ಏಳು ವರ್ಷ ನಾನು ಬರೀ ಬಂಡೆಯ ಜೊತೆ ಮಾತಾಡಿದೆನೇ?

ನಾಲ್ಕನೆಯ ದಿನ ಅವನನ್ನು ಸಭೆಗೆ ಕರೆತಂದರು. ಸವಾರರು ಧೂಳು ಮೆತ್ತಿಕೊಂಡು ನಿಂತಿದ್ದರು.

"ನೀನು ಮೂರನ್ನೂ ಬಿಡಿಸಿದೆ," ಎಂದಳು ರಾಜಕುಮಾರಿ. "ಬಿಸಿಲು ಉಣ್ಣುವುದು ಬ್ಯಾಟರಿ. ಕೈ ಹಿಡಿದವರು ಫಲಕದ ಬಿಲ್ಲೆಗಳು. ಸಾಯದ್ದು, ಮುಚ್ಚಿಡದ ಪೆಟ್ಟಿಗೆ. ಇನ್ನು ಈ ರಾಜ್ಯದಲ್ಲಿ ಯಾರೂ ಅರಗು ಹಾಕಕೂಡದು. ದೀಪಗಳಿಗೆ ನೀನೇ ಯಜಮಾನ. ಮತ್ತೇನು ಬೇಕು?"

"ಆ ಇಬ್ಬರನ್ನೂ ಬಿಟ್ಟುಬಿಡಿ, ತಾಯಿ."

"ಬಿಟ್ಟೆ. ನಿನಗೆ?"

ಚಿತ್ತಯ್ಯ ಸವಾರರ ಕಡೆ ತಿರುಗಿದ.

"ಎಷ್ಟಿದ್ದವು?"

ಅವರಲ್ಲೊಬ್ಬ ಓಲೆ ಬಿಚ್ಚಿ ಓದಿದ. "ತೂತಿರುವ ಪೆಟ್ಟಿಗೆ, ಇನ್ನೂರ ಹದಿನೇಳು."